ಪ್ಯಾಂಟಿನ ಪ್ಯಾಟರ್ನ್‌ನಿಂದ ಬೇಸಿಗೆಯ ಶಾರ್ಟ್ಸ್: ಬಟ್ಟೆಗೆ ಕತ್ತರಿ ಹಾಕುವ ಮುನ್ನ ಕಾಗದದ ಮೇಲೆ ಮಾಡಬೇಕಾದ ಕೆಲಸ

ಮೈಗೆ ಸರಿಯಾಗಿ ಕೂರುವ ಪ್ಯಾಂಟಿನ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಅಳತೆಗೆ ಬರೆದ ಕಾಗದದ ನಕ್ಷೆ) ಕೈಯಲ್ಲಿದ್ದರೆ ಮಂಡಿಯ ಮೇಲೆ ಒಂದು ಗೆರೆ ಎಳೆದು ಕತ್ತರಿಸಿದರೆ ಸಾಕು, ಶಾರ್ಟ್ಸ್ ಸಿದ್ಧ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಹೊಲಿದವರ ದೂರುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ನಿಂತಾಗ ಚೆನ್ನಾಗಿರುತ್ತದೆ, ಕುಳಿತರೆ ಅಂಚು ತೊಡೆಯನ್ನು ಕಚ್ಚುತ್ತದೆ. ನಾಲ್ಕು ಹೆಜ್ಜೆ ನಡೆದರೆ ಒಳತೊಡೆಯ ಕಡೆ ಬಟ್ಟೆ ಮೇಲಕ್ಕೇರಿ ಮುದುಡುತ್ತದೆ. ಅಂಚು ಮಡಚಿದ ಜಾಗದಲ್ಲಿ ಎಷ್ಟು ಇಸ್ತ್ರಿ ಮಾಡಿದರೂ ಸುಕ್ಕು ಹೋಗುವುದಿಲ್ಲ.

ಇಷ್ಟಕ್ಕೂ ಕಾರಣ ಒಂದೇ. ಪ್ಯಾಂಟಿನ ಅಂಚು ಪಾದದ ಬಳಿ ಇರುತ್ತದೆ. ಅಲ್ಲಿ ಕಾಲು ಸಣ್ಣ, ಕುಳಿತರೂ ನಿಂತರೂ ಸುತ್ತಳತೆ ಬದಲಾಗುವುದಿಲ್ಲ, ಬಟ್ಟೆಯೂ ಸಡಿಲವಾಗಿ ತೂಗುತ್ತಿರುತ್ತದೆ. ಶಾರ್ಟ್ಸ್‌ನ ಅಂಚು ಬಂದು ಕೂರುವುದು ತೊಡೆಯ ಮೇಲೆ. ಅಲ್ಲಿ ಕಾಲು ದಪ್ಪ; ಮೇಲಿನಿಂದ ಕೆಳಕ್ಕೆ ಬೇಗ ಬೇಗ ಸಣ್ಣದಾಗುತ್ತದೆ; ಕುಳಿತೊಡನೆ ಅಗಲಕ್ಕೆ ಹರಡುತ್ತದೆ. ಹೀಗಾಗಿ ಉದ್ದ ಕಡಿಮೆ ಮಾಡಿದರೆ ಸಾಲದು, ಅಂಚನ್ನೇ ಹೊಸದಾಗಿ ಬರೆಯಬೇಕು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಉದ್ದ, ಅಗಲ, ಅಂಚಿನ ಆಕಾರ, ಮಡಿಕೆ: ಇವುಗಳಲ್ಲಿ ಒಂದನ್ನು ಹಿಂದೆ ಮುಂದೆ ಮಾಡಿದರೂ ಮೊದಲು ಮಾಡಿದ ಕೆಲಸ ಕೆಟ್ಟು ಮತ್ತೆ ಮಾಡಬೇಕಾಗುತ್ತದೆ.

## ಬೇಕಾಗುವ ಸಾಮಗ್ರಿ ಮತ್ತು ನಾಲ್ಕು ಪದಗಳು

ಪ್ಯಾಟರ್ನ್ ನಕಲು ಮಾಡಲು ತೆಳುವಾದ ಅಗಲ ಕಾಗದ, ಉದ್ದನೆಯ ಅಳತೆಪಟ್ಟಿ, ಮೂಲೆ ನೋಡಲು ಮೂಲೆಮಟ್ಟ (ಇಲ್ಲದಿದ್ದರೆ ಒಂದು ಪುಸ್ತಕದ ರಟ್ಟಿನ ಮೂಲೆಯೂ ನಡೆಯುತ್ತದೆ), ಟೇಪು, ಪೆನ್ಸಿಲ್, ಅಂಟುಪಟ್ಟಿ, ಗುಂಡುಸೂಜಿ, ಕಾಗದಕ್ಕೊಂದು ಬಟ್ಟೆಗೊಂದು ಕತ್ತರಿ. ಪ್ರಯೋಗದ ಹೊಲಿಗೆಗೆ ಹಳೆಯ ಹಾಸಿಗೆ ಹೊದಿಕೆ. ಇವುಗಳಲ್ಲಿ ಬಹಳ ಜನ ಬಿಟ್ಟುಬಿಡುವುದು ಆ ಹಳೆಯ ಹೊದಿಕೆಯನ್ನು. ದಯವಿಟ್ಟು ಬಿಡಬೇಡಿ.

ಎರಡು ಕಾಲುಗಳೂ ಸೇರುವ ಜಾಗವನ್ನು ಇಲ್ಲಿ ಕವಲು ಎಂದಿದ್ದೇನೆ. ಕವಲಿನಿಂದ ಕಾಲಿನ ಒಳಬದಿಯಲ್ಲಿ ಇಳಿಯುವುದು ಒಳಹೊಲಿಗೆ, ಸೊಂಟದಿಂದ ಹೊರಬದಿಯಲ್ಲಿ ಇಳಿಯುವುದು ಪಕ್ಕದ ಹೊಲಿಗೆ. ಪ್ಯಾಟರ್ನ್ ಮೇಲೆ ಬಾಣದ ಗುರುತಿರುವ ಉದ್ದ ಗೆರೆಯೇ ಎಳೆಯ ಗೆರೆ. ಮುಂದಿನ ಎಲ್ಲ ಅಳತೆಗೂ ಅದೇ ಆಧಾರ, ಕಾಗದದ ಅಂಚಲ್ಲ.

## ಹಂತ 1: ಪ್ಯಾಟರ್ನ್ ಯೋಗ್ಯವೇ ಎಂದು ನೋಡಿ

ಮೊದಲು ಪ್ಯಾಟರ್ನ್ ಯಾವ ಬಟ್ಟೆಗೆ ಬರೆದದ್ದು ಎಂದು ನೋಡಿ. ಹಿಗ್ಗುವ ಬಟ್ಟೆಗೆಂದು ಬರೆದ ಬಿಗಿ ಪ್ಯಾಂಟಿನ ಪ್ಯಾಟರ್ನ್‌ನಿಂದ ಹತ್ತಿ ಅಥವಾ ಲಿನನ್ ಶಾರ್ಟ್ಸ್ ಬರುವುದಿಲ್ಲ. ಆ ಪ್ಯಾಟರ್ನ್‌ನಲ್ಲಿ ಸಡಿಲವನ್ನು ಬಟ್ಟೆಯೇ ಕೊಡಬೇಕು. ಹಿಗ್ಗದ ಬಟ್ಟೆ ಅದನ್ನು ಕೊಡಲಾರದು. ನಿತಂಬದ ಅಗಲ ಭಾಗದಲ್ಲಿ ನಿಮ್ಮ ಅಳತೆಗಿಂತ ಕನಿಷ್ಠ 5 ಸೆಂ.ಮೀ. ಹೆಚ್ಚಿರುವ, ತೊಡೆಯ ಬಳಿ ನೇರವಾಗಿ ಇಳಿಯುವ ಪ್ಯಾಟರ್ನ್ ಆರಿಸಿಕೊಳ್ಳಿ.

ಆ ಪ್ಯಾಟರ್ನ್‌ನಿಂದ ಹೊಲಿದ ಪ್ಯಾಂಟನ್ನು ನೀವು ತೊಟ್ಟಿದ್ದರೆ ಕವಲಿನ ಭಾಗ ಹೇಗಿತ್ತು ಎಂದು ನೆನಪಿಸಿಕೊಳ್ಳಿ. ಅಲ್ಲಿ ಎಳೆತವಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಉದ್ದ ಕಾಲಿನ ಪ್ಯಾಂಟಿನಲ್ಲಿ ಬಟ್ಟೆಯ ತೂಕ ಸಣ್ಣಪುಟ್ಟ ದೋಷಗಳನ್ನು ಕೆಳಕ್ಕೆಳೆದು ಮುಚ್ಚುತ್ತದೆ. ಶಾರ್ಟ್ಸ್‌ನಲ್ಲಿ ಆ ತೂಕವಿಲ್ಲ, ದೋಷ ನೇರ ಅಂಚಿಗೇ ಬಂದು ಕಾಣಿಸಿಕೊಳ್ಳುತ್ತದೆ.

ಒಂದು ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಾನೂ ಅದನ್ನು ಮಾಡಿದ್ದೇನೆ. ಬೇಸಿಗೆಗೆ ಗಾಳಿಯಾಡಲಿ ಎಂದು ಕವಲನ್ನು 2 ಸೆಂ.ಮೀ. ಕೆಳಗಿಳಿಸಿದೆ. ನಿಂತಾಗ ಹಾಯಾಗಿತ್ತು. ಮೆಟ್ಟಿಲು ಹತ್ತಲು ಕಾಲೆತ್ತಿದ ಕೂಡಲೇ ಆ ಕಾಲಿನ ಅಂಚು, ಸೊಂಟಪಟ್ಟಿ ಎಲ್ಲವೂ ಒಟ್ಟಿಗೆ ಎಳೆಯಿತು. ಕವಲು ಮೈಯಿಂದ ದೂರವಾದಷ್ಟೂ ಕಾಲು ಮೇಲೆತ್ತಲು ಬಟ್ಟೆ ಸಾಲುವುದಿಲ್ಲ. ಸಡಿಲ ಬೇಕೆಂದರೆ ಅಗಲದಲ್ಲಿ ಕೊಡಿ, ಆಳದಲ್ಲಿ ಬೇಡ.

## ಹಂತ 2: ನಕಲು ಮಾಡಿ

ಮೂಲ ಪ್ಯಾಟರ್ನ್ ಮುಟ್ಟಬೇಡಿ. ಮುಂಭಾಗ, ಹಿಂಭಾಗ ಎರಡನ್ನೂ ಮಂಡಿಯವರೆಗೆ ಬೇರೆ ಕಾಗದಕ್ಕೆ ಇಳಿಸಿಕೊಳ್ಳಿ. ಎಳೆಯ ಗೆರೆ, ಜೇಬಿನ ಗುರುತು, ಡಾರ್ಟ್ (ಸೊಂಟದ ಬಳಿ ಬಟ್ಟೆಯನ್ನು ಹಿಡಿದು ಹೊಲಿಯುವ ಮೊನಚು ಮಡಿಕೆ), ಪಕ್ಕದಲ್ಲಿ ಹೊಂದಿಸುವ ಕಚ್ಚು ಗುರುತುಗಳು ಎಲ್ಲವೂ ಬರಲಿ. ಹೊಲಿಗೆಯ ಮಾರ್ಜಿನ್ (ಹೊಲಿಗೆಯ ಗೆರೆಯ ಆಚೆ ಬಿಡುವ ಜಾಗ) ಸೇರಿರುವ ಪ್ಯಾಟರ್ನ್ ಆಗಿದ್ದರೆ ಒಳಗಡೆ ಹೊಲಿಗೆಯ ಗೆರೆಯನ್ನೂ ಎಳೆಯಿರಿ. ಇನ್ನು ಮುಂದೆ ಅಳೆಯುವುದೆಲ್ಲ ಹೊಲಿಗೆಯ ಗೆರೆಯ ಮೇಲೆ. ಕೆಳಗೆ ಕನಿಷ್ಠ 15 ಸೆಂ.ಮೀ. ಖಾಲಿ ಕಾಗದ ಉಳಿಸಿಕೊಳ್ಳಿ.

## ಹಂತ 3: ಉದ್ದ ಗುರುತಿಸಿ, ಕತ್ತರಿಸಬೇಡಿ

ಒಳಹೊಲಿಗೆಯ ಉದ್ದ 8ರಿಂದ 10 ಸೆಂ.ಮೀ. ಇದ್ದರೆ ಗಿಡ್ಡ, 13ರಿಂದ 15 ಇದ್ದರೆ ತೊಡೆಯ ನಡು, 22ರಿಂದ 25 ಇದ್ದರೆ ಮಂಡಿಯ ಸ್ವಲ್ಪ ಮೇಲೆ ಎಂದು ಅಂದಾಜಿಗೆ ಹೇಳಬಹುದು. ಎತ್ತರಕ್ಕೆ ತಕ್ಕಂತೆ ಇದು ಬದಲಾಗುತ್ತದೆ. ಮೊದಲ ಬಾರಿ ಹೊಲಿಯುವವರು 15ಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಗಿಡ್ಡವಾದಷ್ಟೂ ಐದನೆಯ ಹಂತ ಕಠಿಣವಾಗುತ್ತದೆ. ಟೇಪನ್ನು ಕುಳಿತುಕೊಂಡೂ ಹಿಡಿದು ನೋಡಿ, ಕುಳಿತಾಗ ಅಂಚು ಮೇಲಕ್ಕೆ ಸರಿಯುತ್ತದೆ.

ಮುಂಭಾಗದ ಕಾಗದದಲ್ಲಿ ಬೇಕಾದ ಉದ್ದಕ್ಕೆ ಗುರುತು ಹಾಕಿ, ಎಳೆಯ ಗೆರೆಗೆ ಲಂಬವಾಗಿ ಅಡ್ಡಗೆರೆ ಎಳೆಯಿರಿ. ಆ ಗೆರೆ ಪಕ್ಕದ ಹೊಲಿಗೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿಂದ ಕಚ್ಚು ಗುರುತಿನವರೆಗೆ ಅಳೆದು, ಹಿಂಭಾಗದ ಕಾಗದದಲ್ಲೂ ಪಕ್ಕದ ಹೊಲಿಗೆಯ ಮೇಲೆ ಅದೇ ಅಂತರಕ್ಕೆ ಗುರುತು ಹಾಕಿ ಅಡ್ಡಗೆರೆ ಎಳೆಯಿರಿ. ಎರಡೂ ಭಾಗಗಳನ್ನು ಒಳಬದಿಯಿಂದ ಅಳೆದು ಗುರುತಿಸುವುದು ಸಾಮಾನ್ಯ ತಪ್ಪು. ಮುಂದೆ ಹಿಂದೆ ಒಳಹೊಲಿಗೆಗಳ ಉದ್ದ ಬಹಳ ಪ್ಯಾಂಟುಗಳಲ್ಲಿ ಸಮ ಇರುವುದಿಲ್ಲ. ಅದು ಪಕ್ಕಕ್ಕೆ ವರ್ಗವಾಗಿ ಅಂಚು ಓರೆಯಾಗುತ್ತದೆ.

## ಹಂತ 4: ತೊಡೆಯ ಅಗಲ ಕೊಡಿ

ಕುರ್ಚಿಯ ಮೇಲೆ ಕುಳಿತು, ಅಂಚು ಬರುವ ಜಾಗದಲ್ಲಿ ತೊಡೆಯ ಸುತ್ತಳತೆ ತೆಗೆಯಿರಿ. ನಿಂತು ತೆಗೆದ ಅಳತೆಯಿಂದ ಹೊಲಿದದ್ದರಿಂದಲೇ ಅಂಚು ಕಚ್ಚುವುದು. ಆ ಅಳತೆಗೆ 6ರಿಂದ 8 ಸೆಂ.ಮೀ. ಸಡಿಲ ಸೇರಿಸಿ. ತುಂಬ ಸಡಿಲ ಇಷ್ಟಪಡುವವರು ಇನ್ನೂ ಹೆಚ್ಚಿಟ್ಟುಕೊಳ್ಳಬಹುದು.

ಒಂದು ಲೆಕ್ಕ ನೋಡೋಣ. ಕುಳಿತಾಗಿನ ತೊಡೆ 58, ಸಡಿಲ 7, ಬೇಕಾದದ್ದು 65 ಸೆಂ.ಮೀ. ಅಡ್ಡಗೆರೆಯನ್ನು ಹೊಲಿಗೆಯ ಗೆರೆಯ ಬದಲು ಕಾಗದದ ಅಂಚಿನಿಂದ ಅಂಚಿಗೆ ಅಳೆದಿರಿ ಎನ್ನಿ: ಮುಂಭಾಗ 29, ಹಿಂಭಾಗ 36, ಒಟ್ಟು 65. ಸರಿಯಾಯಿತು ಎಂದು ಇಲ್ಲಿಗೇ ನಿಲ್ಲಿಸಬೇಡಿ. ಇದರಲ್ಲಿ ನಾಲ್ಕು ಅಂಚುಗಳ (ಎರಡೂ ಭಾಗಗಳ ಒಳಹೊಲಿಗೆ ಮತ್ತು ಪಕ್ಕದ ಹೊಲಿಗೆಯ ಅಂಚುಗಳ) ಮಾರ್ಜಿನ್ ಸೇರಿದೆ. ಒಂದಕ್ಕೆ 1.5ರಂತೆ 6 ಕಳೆದರೆ ಉಳಿಯುವುದು 59. ಕೊರತೆ 6 ಸೆಂ.ಮೀ. ಅದನ್ನು ನಾಲ್ಕು ಅಂಚುಗಳಿಗೂ ಹಂಚಿದರೆ ಒಂದೊಂದಕ್ಕೆ 1.5.

ಹಂಚುವುದು ಎಂದರೆ ನಿಜವಾಗಿ ಸಮನಾಗಿಯೇ ಹಂಚಬೇಕು. ಪಕ್ಕದ ಹೊಲಿಗೆಯಲ್ಲಿ ನಿತಂಬದ ಅಗಲ ಭಾಗದಿಂದ ಶುರುಮಾಡಿ ಅಡ್ಡಗೆರೆಯಲ್ಲಿ 1.5 ಹೊರಗಿನ ಗುರುತಿಗೆ ಇಳಿಸಿ. ಒಳಹೊಲಿಗೆಯಲ್ಲಿ ಕವಲಿನ ತುದಿಯಿಂದ ಶುರುಮಾಡಿ. ಎಲ್ಲವನ್ನೂ ಪಕ್ಕಕ್ಕೇ ಸೇರಿಸಿದರೆ ಶಾರ್ಟ್ಸ್ ಹೊರಗಡೆ ಲಂಗದಂತೆ ಹರಡಿ, ಒಳಗಡೆ ಮೊದಲಿನಷ್ಟೇ ಬಿಗಿಯಾಗಿರುತ್ತದೆ.

ಒಂದೊಂದು ಅಂಚಿಗೆ 2 ಸೆಂ.ಮೀ.ಗಿಂತ ಹೆಚ್ಚು ಬೇಕಾದರೆ ಅಂಚಿನಲ್ಲಿ ಸೇರಿಸುವುದನ್ನು ಬಿಟ್ಟು ಕಾಗದವನ್ನೇ ಬಿಡಿಸಿ. ಎಳೆಯ ಗೆರೆಯ ಮೇಲೆ ಕೆಳಗಿನಿಂದ ಸೊಂಟದ ಗೆರೆಯ ಹತ್ತಿರದವರೆಗೆ ಕತ್ತರಿಸಿ, ಮೇಲೆ ಕೂದಲೆಳೆಯಷ್ಟು ಕಾಗದ ಉಳಿಸಿ, ಕೆಳಗೆ ಬೇಕಾದಷ್ಟು ಅಗಲಿಸಿ, ಹಿಂದಿನಿಂದ ಕಾಗದ ಕೊಟ್ಟು ಅಂಟಿಸಿ. ಹೊಸ ಎಳೆಯ ಗೆರೆ ಆ ತೆರಪಿನ ನಡುವೆ ಬರಲಿ. ಅಡ್ಡಗೆರೆ ಮುರಿದಿರುತ್ತದೆ, ಅದನ್ನು ನಯವಾಗಿ ಕೂಡಿಸಿ.

## ಹಂತ 5: ಅಂಚಿನ ಗೆರೆಯನ್ನು ತಿದ್ದಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು.

ಮುಂಭಾಗದ ಮತ್ತು ಹಿಂಭಾಗದ ಒಳಹೊಲಿಗೆಯ ಗೆರೆಗಳನ್ನು ಕವಲಿನಿಂದ ಅಡ್ಡಗೆರೆಯವರೆಗೆ ಟೇಪು ನಿಲ್ಲಿಸಿ ಹಿಡಿದು ಅಳೆಯಿರಿ. ಬಹಳ ಪ್ಯಾಟರ್ನ್‌ಗಳಲ್ಲಿ ಹಿಂಭಾಗದ್ದು 0.5ರಿಂದ 1 ಸೆಂ.ಮೀ. ಕಡಿಮೆ ಇರುತ್ತದೆ. ಇದು ದೋಷವಲ್ಲ. ಪ್ಯಾಂಟಿನಲ್ಲಿ ಹಿಂಭಾಗದ ಬಟ್ಟೆಯನ್ನು ಮಂಡಿಯ ಮೇಲಿನ ಉದ್ದದಲ್ಲಿ ಸ್ವಲ್ಪ ಎಳೆದು ಮುಂಭಾಗಕ್ಕೆ ಹೊಂದಿಸುತ್ತಾರೆ, ಅದರಿಂದ ಬಟ್ಟೆ ನಿತಂಬದ ಕೆಳಗೆ ಚೆನ್ನಾಗಿ ಕೂರುತ್ತದೆ. ಶಾರ್ಟ್ಸ್‌ನಲ್ಲಿ 15 ಸೆಂ.ಮೀ. ಉದ್ದದೊಳಗೆ ಅಷ್ಟು ಎಳೆದರೆ ಹೊಲಿಗೆ ಸುರುಳಿ ಸುತ್ತುತ್ತದೆ. ಆದ್ದರಿಂದ ಹಿಂಭಾಗದ ಅಂಚನ್ನು ಒಳಹೊಲಿಗೆಯ ತುದಿಯಲ್ಲಿ ಅಷ್ಟೇ ಕೆಳಗಿಳಿಸಿ.

ಈಗ ಎರಡೂ ಕಾಗದಗಳ ಒಳಹೊಲಿಗೆಯ ಗೆರೆಗಳನ್ನು ಒಂದರ ಮೇಲೊಂದು ಬರುವಂತೆ ಕೆಳತುದಿಯಲ್ಲಿ ಹೊಂದಿಸಿ ಮೇಜಿನ ಮೇಲೆ ಹರಡಿ. ಗೆರೆ ಬಾಗಿರುವುದರಿಂದ ಪೂರ್ತಿ ಹೊಂದುವುದಿಲ್ಲ, ಕೆಳಗಿನ 5 ಸೆಂ.ಮೀ. ಹೊಂದಿದರೆ ಸಾಕು. ಕೂಡಿದ ಜಾಗದಲ್ಲಿ ಅಂಚನ್ನು ನೋಡಿ. ನೇರವಾಗಿ ಹರಿದುಹೋಗಬೇಕಾದ ಗೆರೆ ಅಲ್ಲಿ ಗುಡಾರದ ಬಾಗಿಲಿನಂತೆ ಮೇಲಕ್ಕೆ ಮೊನಚಾಗಿ ಎದ್ದಿರುತ್ತದೆ. ಒಳತೊಡೆಯಲ್ಲಿ ಬಟ್ಟೆ ಮೇಲಕ್ಕೇರುವುದಕ್ಕೆ ಮುಖ್ಯ ಕಾರಣ ಇದೇ. ಕಾಲು ಕೆಳಕ್ಕೆ ಸಣ್ಣದಾಗುತ್ತ ಹೋಗುವುದರಿಂದ ಎರಡೂ ಭಾಗಗಳ ಮೂಲೆ 90 ಡಿಗ್ರಿಗಿಂತ ಹೆಚ್ಚಿರುತ್ತದೆ. ಎರಡು ಸೇರಿದಾಗ 180 ಮೀರುತ್ತದೆ, ಅಲ್ಲಿ ಬಟ್ಟೆ ಸಾಲದೆ ಬರುತ್ತದೆ.

ತಿದ್ದುವುದು ಹೀಗೆ. ಒಳಹೊಲಿಗೆಯ ಗೆರೆಗೆ ಮೂಲೆಮಟ್ಟ ಇಟ್ಟು, ಅದಕ್ಕೆ ಲಂಬವಾಗಿ ಹೊರಡುವ ಗೆರೆಯೊಂದು ಅಡ್ಡಗೆರೆಯನ್ನು ಕಾಲಿನ ನಡುಭಾಗದ ಹೊತ್ತಿಗೆ ನಯವಾಗಿ ಸೇರುವಂತೆ ಮೂಲೆಯನ್ನು ಕೆಳಗಿಳಿಸಿ. ನಡು ತೊಡೆಯ ಉದ್ದಕ್ಕೆ ಸಾಮಾನ್ಯವಾಗಿ 1ರಿಂದ 1.5 ಸೆಂ.ಮೀ. ಇಳಿಕೆ ಬೇಕಾಗುತ್ತದೆ, ಗಿಡ್ಡ ಶಾರ್ಟ್ಸ್‌ಗೆ ಇನ್ನಷ್ಟು. ಮುಂಭಾಗ, ಹಿಂಭಾಗ ಎರಡಕ್ಕೂ ಮಾಡಿ ಮತ್ತೆ ಎರಡನ್ನೂ ಕೂಡಿಸಿ ನೋಡಿ. ಗೆರೆ ಒಂದೇ ಹರಿವಿನಲ್ಲಿ ಹೋಗಬೇಕು. ಕೆಳಕ್ಕೆ ಮೂಗಿನಂತೆ ಚೂಪಾಗಿ ಬಂದರೆ ಇಳಿಸಿದ್ದು ಹೆಚ್ಚಾಗಿದೆ. ಪಕ್ಕದ ಹೊಲಿಗೆಯಲ್ಲೂ ಇದೇ ಪರೀಕ್ಷೆ ಮಾಡಿ. ನಾಲ್ಕನೆಯ ಹಂತದಲ್ಲಿ ಅಗಲ ಕೊಟ್ಟಿದ್ದರೆ ಅಲ್ಲಿ ಹೆಚ್ಚೇನೂ ತಿದ್ದಬೇಕಾಗುವುದಿಲ್ಲ.

ಕೊನೆಗೆ ಎರಡೂ ಒಳಹೊಲಿಗೆಗಳನ್ನು ಮತ್ತೊಮ್ಮೆ ಅಳೆದು ಸಮ ಇದೆಯೇ ನೋಡಿ.

## ಹಂತ 6: ಮಡಿಕೆಯ ಜಾಗ ಸೇರಿಸಿ

ಅಂಚಿನ ಗೆರೆಯ ಕೆಳಗೆ 3 ಸೆಂ.ಮೀ. ಬಿಟ್ಟು ಪಕ್ಕದ ಗೆರೆಗಳನ್ನು ಕೆಳಕ್ಕೆ ಕಣ್ಣಂದಾಜಿನಲ್ಲಿ ಎಳೆದುಬಿಟ್ಟರೆ ಮಡಚಿದಾಗ ಆ ಭಾಗ ಮೇಲಿನ ಬಟ್ಟೆಗಿಂತ ಕಿರಿದಾಗಿರುತ್ತದೆ. ಹೊಲಿಗೆ ಎಳೆದು ಸುಕ್ಕು ಬರುವುದು ಇದರಿಂದ. ಅಳತೆಪಟ್ಟಿಯಿಂದ ಲೆಕ್ಕ ಹಾಕುವ ಬದಲು ಕಾಗದವನ್ನೇ ಕೇಳಬೇಕು.

ಮೂಲೆಯ ಹತ್ತಿರ ಅಂಚಿನ ಗೆರೆಯ ಮೇಲೆ ಕಾಗದವನ್ನು ಒಳಕ್ಕೆ ಮಡಚಿ, ಮಡಿಕೆಯನ್ನು ಉಗುರಿನಿಂದ ಗಟ್ಟಿಯಾಗಿ ತೀಡಿ. ಮಡಚಿದ ಸ್ಥಿತಿಯಲ್ಲೇ ಪಕ್ಕದ ಗೆರೆಯ ಮೇಲೆ ಎರಡು ಪದರವನ್ನೂ ಸೇರಿಸಿ ಕತ್ತರಿಸಿ. ಬಿಚ್ಚಿ ನೋಡಿದರೆ ಗೆರೆಯ ಕೆಳಗೆ ಮೇಲಿನ ಆಕಾರದ ಕನ್ನಡಿ ಬಿಂಬ ಸಿಕ್ಕಿರುತ್ತದೆ. ನಾಲ್ಕು ಮೂಲೆಗಳಿಗೂ ಹೀಗೆಯೇ ಮಾಡಿ. ಮೂಲೆ 90 ಡಿಗ್ರಿ ಇದ್ದರೆ ಕೆಳಗಿನ ಭಾಗ ಹೊರಕ್ಕೆ ಚಾಚುವುದು ತೀರ ಸ್ವಲ್ಪ. ಕಾಗದ ರೆಕ್ಕೆಯಂತೆ ದೊಡ್ಡದಾಗಿ ಹೊರಬಂದಿದ್ದರೆ ಐದನೆಯ ಹಂತದಲ್ಲಿ ಮೂಲೆ ಸರಿಯಾಗಿಲ್ಲ ಎಂದರ್ಥ. ಹಿಂದಕ್ಕೆ ಹೋಗಿ.

ಅಂಚು ಬಾಗಿದ್ದಷ್ಟೂ ಮಡಿಕೆ ಕಿರಿದಾಗಿರಬೇಕು. ಇಳಿಕೆ 1 ಸೆಂ.ಮೀ. ಒಳಗಿದ್ದರೆ 3 ಸೆಂ.ಮೀ. ಮಡಿಕೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ 1.5ರಿಂದ 2ಕ್ಕೆ ಇಳಿಸಿ, ಇಲ್ಲವೇ ಮಡಿಕೆಯನ್ನೇ ಬಿಟ್ಟು ಒಳಗಡೆಯಿಂದ ಕ್ರಾಸ್ ಪಟ್ಟಿ ಕೊಡಿ. ಓರೆಯಾಗಿ ಕತ್ತರಿಸಿದ ಪಟ್ಟಿ ಬಾಗಿಗೆ ತಕ್ಕಂತೆ ಬಗ್ಗುತ್ತದೆ. ಗಿಡ್ಡ ಶಾರ್ಟ್ಸ್‌ಗೆ ನಾನು ಯಾವಾಗಲೂ ಇದನ್ನೇ ಮಾಡುತ್ತೇನೆ.

ಹೊರಕ್ಕೆ ಮಡಚಿದ 3 ಸೆಂ.ಮೀ. ಪಟ್ಟಿ ಬೇಕೆಂದರೆ ಸಿದ್ಧ ಅಂಚಿನ ಕೆಳಗೆ 8 ಸೆಂ.ಮೀ. ಬಿಡಿ: ಹೊರಗೆ ಕಾಣುವ 3, ಅದರ ಒಳಗೆ ಮಡಚುವ 4, ತುದಿ ಮಡಚಲು 1. ಕಾಗದವನ್ನು ಬಟ್ಟೆಯಂತೆಯೇ ಪೂರ್ತಿ ಮಡಚಿ ಪಕ್ಕಗಳನ್ನು ಕತ್ತರಿಸಿ. ಇದು ನೇರ ಅಂಚಿಗೆ ಮಾತ್ರ ಹೊಂದುತ್ತದೆ. ಬಾಗಿದ ಅಂಚಿಗೆ ಪ್ರಯತ್ನಿಸಬೇಡಿ.

## ಹಂತ 7: ಜೇಬು ಮತ್ತು ಸೊಂಟ

ಪ್ಯಾಂಟಿನ ಜೇಬಿನ ಚೀಲವನ್ನು ಹೊಸ ಕಾಗದದ ಮೇಲಿಟ್ಟು ನೋಡಿ. ಚೀಲದ ತಳ ಅಂಚಿನ ಮಡಿಕೆಗಿಂತ ಕನಿಷ್ಠ 2 ಸೆಂ.ಮೀ. ಮೇಲಿರಬೇಕು, ಇಲ್ಲವಾದರೆ ಕೆಳಗಿನಿಂದ ಇಣುಕುತ್ತದೆ. ಚೀಲ ಗಿಡ್ಡ ಮಾಡಬಹುದು, ಆದರೆ ಬಾಯಿಯ ಕೆಳತುದಿಯಿಂದ 10 ಸೆಂ.ಮೀ.ಗಿಂತ ಕಡಿಮೆ ಆಳವಿದ್ದರೆ ಕುಳಿತಾಗ ಒಳಗಿದ್ದದ್ದು ಜಾರಿ ಬೀಳುತ್ತದೆ. ಅಂಥ ಸಂದರ್ಭದಲ್ಲಿ ಶಾರ್ಟ್ಸನ್ನೇ ಸ್ವಲ್ಪ ಉದ್ದ ಮಾಡುವುದು ಒಳ್ಳೆಯದು.

ಜಿಪ್ ಬಿಟ್ಟು ಇಲಾಸ್ಟಿಕ್ ಸೊಂಟ ಮಾಡುವುದಾದರೆ ಡಾರ್ಟ್ ಹೊಲಿಯಬೇಡಿ. ಸೊಂಟದ ಬಾಯಿ ನಿತಂಬದ ಅಳತೆಗಿಂತ ಸ್ವಲ್ಪ ದೊಡ್ಡದಿರಲಿ, ಇಲ್ಲವಾದರೆ ಮೇಲಕ್ಕೆ ಏರುವುದಿಲ್ಲ. ಉಳಿದಂತೆ ಸೊಂಟವನ್ನು ಮುಟ್ಟಬೇಕಾಗಿಲ್ಲ.

## ಹಂತ 8: ಹಳೆಯ ಹೊದಿಕೆಯಲ್ಲಿ ಪ್ರಯೋಗ

ಜೇಬಿಲ್ಲದೆ, ದೊಡ್ಡ ಟಾಕಿಯಲ್ಲಿ ಹೊಲಿದು, ಅಂಚನ್ನು ಸೂಜಿಯಿಂದ ಮಡಚಿ ತೊಟ್ಟುಕೊಳ್ಳಿ. ಕನ್ನಡಿಯ ಮುಂದೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಕುರ್ಚಿಯ ಮೇಲೆ ಕುಳಿತುಕೊಳ್ಳಿ, ಕುಕ್ಕರುಗಾಲಿನಲ್ಲಿ ಕೂರಿ, ಎರಡು ಮೆಟ್ಟಿಲು ಹತ್ತಿ, ಕೋಣೆಯ ಉದ್ದಕ್ಕೂ ನಾಲ್ಕು ಸಲ ನಡೆಯಿರಿ. ಆಮೇಲೆ ಈ ಲಕ್ಷಣಗಳನ್ನು ಹುಡುಕಿ.

ಕವಲಿನಿಂದ ಮುಂದಕ್ಕೆ ಬೆಕ್ಕಿನ ಮೀಸೆಯಂತೆ ಗೆರೆಗಳು ಹರಡಿದ್ದು ಒಳಗಡೆ ಅಂಚು ಏರುತ್ತಿದ್ದರೆ ಹಿಂಭಾಗದ ಕವಲಿನ ಚಾಚು ಸಾಲದು. ಹಿಂಭಾಗದ ಕವಲಿನ ತುದಿಯನ್ನು 0.5ರಿಂದ 1 ಸೆಂ.ಮೀ. ಹೊರಕ್ಕೆ ತೆಗೆದು ಒಳಹೊಲಿಗೆಗೆ ನಯವಾಗಿ ಇಳಿಸಿ.

ಅಂಚು ಮುಂದೆ ತೊಡೆಯಿಂದ ದೂರ ನಿಂತು ಹಿಂದೆ ಬಿಗಿದಿದ್ದರೆ ಅಗಲ ಮುಂಭಾಗಕ್ಕೆ ಹೆಚ್ಚು ಹೋಗಿದೆ. ಮುಂದಿನಿಂದ ತೆಗೆದು ಹಿಂದಕ್ಕೆ ಕೊಡಿ.

ನಿಂತಾಗಲೇ ಹಿಂಭಾಗದ ಅಂಚು ಇಡೀ ಮೇಲಕ್ಕೆದ್ದು, ಹಿಂದಿನ ಸೊಂಟಪಟ್ಟಿ ಕೆಳಕ್ಕೆ ಜಾರುತ್ತಿದ್ದರೆ ನಿತಂಬಕ್ಕೆ ಬಟ್ಟೆಯ ಉದ್ದ ಸಾಲುತ್ತಿಲ್ಲ. ಇದನ್ನು ಅಂಚು ಇಳಿಸಿ ಸರಿಪಡಿಸಲು ಹೋಗಬೇಡಿ. ಹಿಂಭಾಗದ ಕಾಗದವನ್ನು ನಿತಂಬದ ಅಗಲ ಭಾಗದಲ್ಲಿ ಅಡ್ಡಕ್ಕೆ ಕತ್ತರಿಸಿ, ಪಕ್ಕದ ಹೊಲಿಗೆಯಲ್ಲಿ ಕೂಡಿಸಿಟ್ಟು, ನಡುವಿನ ಹೊಲಿಗೆಯ ಕಡೆ 1ರಿಂದ 2 ಸೆಂ.ಮೀ. ಬಿಡಿಸಿ.

ಒಂದು ಬಾರಿಗೆ ಒಂದೇ ತಿದ್ದುಪಡಿ. ಎರಡು ಸೇರಿಸಿ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ತಿದ್ದಿದ್ದನ್ನು ಕೂಡಲೇ ಕಾಗದಕ್ಕೆ ಇಳಿಸಿ.

## ಹಂತ 9: ಬಟ್ಟೆ, ಕತ್ತರಿಸುವುದು, ಹೊಲಿಗೆಯ ಕ್ರಮ

ಹತ್ತಿಯೂ ಲಿನನ್ನೂ ನೀರಿಗೆ ಬಿದ್ದರೆ ಕುಗ್ಗುತ್ತವೆ. ಶಾರ್ಟ್ಸನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಬಟ್ಟೆಯನ್ನು ಮೊದಲು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ತೆಳು ಬಿಳಿ ಬಟ್ಟೆಯಾದರೆ ಜೇಬಿನ ಚೀಲಕ್ಕೆ ಮೈಬಣ್ಣದ ಬಟ್ಟೆ ಹಾಕಿ, ಬಿಳಿಯ ಮೇಲೆ ಬಿಳಿ ಇಟ್ಟರೆ ಚೀಲದ ಆಕಾರ ಹೊರಗೆ ಕಾಣುತ್ತದೆ. ಎಳೆಯ ಗೆರೆಯ ಎರಡೂ ತುದಿಗಳಿಂದ ಬಟ್ಟೆಯ ಕಿನಾರಿಗೆ ಅಂತರ ಸಮ ಇದೆಯೇ ಎಂದು ಅಳೆದ ನಂತರವೇ ಕತ್ತರಿಸಿ. ಎಳೆ ಓರೆಯಾದರೆ ಒಂದು ಕಾಲು ತಿರುಚಿಕೊಳ್ಳುತ್ತದೆ, ಅದಕ್ಕೆ ಆಮೇಲೆ ಮದ್ದಿಲ್ಲ.

ಮೊದಲು ಮುಂಭಾಗದ ಜೇಬು, ಹಿಂಭಾಗದ ಡಾರ್ಟ್ ಮತ್ತು ಜೇಬು, ಜಿಪ್ ಇದ್ದರೆ ಜಿಪ್. ನಂತರ ಪಕ್ಕದ ಹೊಲಿಗೆ, ಆಮೇಲೆ ಒಳಹೊಲಿಗೆ. ಪ್ರತಿ ಹೊಲಿಗೆಯನ್ನೂ ಮುಂದಿನದಕ್ಕೆ ಹೋಗುವ ಮುನ್ನ ಇಸ್ತ್ರಿ ಮಾಡಿ. ಒಂದು ಕಾಲನ್ನು ಮಗುಚಿ ಇನ್ನೊಂದರೊಳಗೆ ಇಳಿಸಿ ಕವಲಿನ ಹೊಲಿಗೆ ಹಾಕಿ. ಹೆಚ್ಚು ಎಳೆತ ಬೀಳುವ ಜಾಗವಾದ್ದರಿಂದ ಅದೇ ಗೆರೆಯ ಮೇಲೆ ಎರಡನೆಯ ಸಲ ಹೊಲಿಯಿರಿ. ಆಮೇಲೆ ಸೊಂಟಪಟ್ಟಿ.

ಅಂಚು ಎಲ್ಲಕ್ಕಿಂತ ಕೊನೆಗೆ. ಲಿನನ್ ಆದರೆ ಸೊಂಟದಿಂದ ಒಂದು ರಾತ್ರಿ ತೂಗುಹಾಕಿ, ಓರೆಯಾದ ಕಡೆ ಬಟ್ಟೆ ಸ್ವಲ್ಪ ಇಳಿಯುತ್ತದೆ. ಬೆಳಿಗ್ಗೆ ಎರಡೂ ಕಾಲುಗಳನ್ನು ಒಂದರ ಮೇಲೊಂದು ಇಟ್ಟು ಅಂಚು ಸಮ ಮಾಡಿ. ಮಡಿಕೆಯನ್ನು ಇಸ್ತ್ರಿಯಿಂದ ಒತ್ತಿ, ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ತೊಟ್ಟುಕೊಂಡು ಇನ್ನೊಮ್ಮೆ ಕುರ್ಚಿಯ ಮೇಲೆ ಕುಳಿತುಕೊಳ್ಳಿ. ತೊಡೆಗೂ ಬಟ್ಟೆಗೂ ನಡುವೆ ಎರಡು ಬೆರಳು ಸಲೀಸಾಗಿ ಹೋದರೆ ಯಂತ್ರದ ಹೊಲಿಗೆ ಹಾಕಬಹುದು.